ಅಗ್ಗದ ಕೋವಿಯ ಮೇಲಿನ ಅಪವಾದ

ದೋಹಾದ ಆ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಒಂದು ಅರೆಸುಳ್ಳಿನಿಂದ. ಬೇಟೆಗೆ ಹೋಗುವವರಿಗೆ ಬೇಕಾದ ಕೋವಿ, ತೋಟೆ, ಡೇರೆ, ದುರ್ಬೀನು, ಗಿಡುಗದ ಕಣ್ಣು ಮುಚ್ಚುವ ಚರ್ಮದ ಟೊಪ್ಪಿ, ಎಲ್ಲವನ್ನೂ ಮಾರುವ ಅಂಗಡಿ ಅದು. ಕೋವಿಯ ಅನುಭವ ಇದೆಯೇ ಎಂದು ಮಲಯಾಳಿ ಮ್ಯಾನೇಜರ್ ಕೇಳಿದಾಗ, ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕೋವಿ ಇದೆ ಎಂದೆ. ಕೋವಿ ಇದ್ದದ್ದು ನಿಜ. ಅದು ನನ್ನ ಸೋದರಮಾವನದು. ಚುನಾವಣೆ ಬಂದಾಗ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರುವುದು, ಫಲಿತಾಂಶ ಬಂದ ಮೇಲೆ ವಾಪಸು ತರುವುದು, ತಂದ ಮೇಲೆ ಒರಸಿ ಎಣ್ಣೆ ಹಚ್ಚುವುದು ನನ್ನ ಕೆಲಸ. ಅದರಿಂದ ಒಂದು ಗುಂಡನ್ನೂ ನಾನು ಹಾರಿಸಿದವನಲ್ಲ. ಮಾವ ಹಾರಿಸಿದ್ದನ್ನೂ ನೋಡಿದವನಲ್ಲ. ಗದ್ದೆಗೆ ನುಗ್ಗುವ ಹಂದಿಗಳು ಅವರ ಕೆಮ್ಮಿಗೇ ಓಡಿಹೋಗುತ್ತಿದ್ದವು.

ಮ್ಯಾನೇಜರ್ ನನ್ನ ಮಾತನ್ನು ನಂಬಿದರು. ಹತ್ತನೇ ಕ್ಲಾಸು ಮುಗಿಸಿ, ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಕತಾರಿಗೆ ಬಂದು ನಾಲ್ಕಾರು ಕಡೆ ಮೂಟೆ ಹೊತ್ತ ನಾನು ನಲವತ್ತು ದಾಟಿದ ಮೇಲೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಎಸಿಯಲ್ಲಿ ನಿಲ್ಲುವವನಾದೆ. ಎರಡು ವರ್ಷದೊಳಗೆ ಗಿರಾಕಿಗಳು ನನ್ನನ್ನು ಉಸ್ತಾದ್ ಎಂದು ಕರೆಯತೊಡಗಿದರು. ಕೋವಿಯನ್ನು ಕೈಗೆತ್ತಿಕೊಂಡು, ಒಂದು ಕಣ್ಣು ಮುಚ್ಚಿ, ನಳಿಗೆಯೊಳಗೆ ಬೆಳಕು ನೋಡಿ, "ಹ್ಞೂಂ" ಎಂದು ನಿಟ್ಟುಸಿರು ಬಿಡುವುದನ್ನು ಕಲಿತಿದ್ದೆ. ಆ ನಿಟ್ಟುಸಿರಿಗೆ ಬಹಳ ಬೆಲೆಯಿತ್ತು. ನಳಿಗೆಯೊಳಗೆ ನನಗೆ ಕಾಣುತ್ತಿದ್ದದ್ದು ಎದುರಿನ ಟ್ಯೂಬ್‌ಲೈಟು ಮಾತ್ರ.

ಅಂಗಡಿಯಲ್ಲಿ ನನ್ನ ಜೊತೆಗಾರನೊಬ್ಬನಿದ್ದ. ನಮ್ಮ ಊರಿನಿಂದ ಹೊಳೆ ದಾಟಿದರೆ ಅವನ ಊರು. ಬ್ಯಾರಿ ಹುಡುಗ. ಹುಡುಗ ಎಂದರೂ ಮೂವತ್ತು ದಾಟಿತ್ತು, ಮದುವೆಯಾಗಿ ಎರಡು ವರ್ಷವಾಗಿತ್ತು. ಅವನು ನಿಜವಾಗಿ ಕೋವಿ ಬಲ್ಲವನು. ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ, ಅದರೊಡನೆ ಬಂದ ಇಂಗ್ಲಿಷ್ ಪುಸ್ತಕವನ್ನು ಕಡೆಯ ಪುಟದವರೆಗೂ ಓದುತ್ತಿದ್ದ. ಆದರೆ ಅವನಿಗೆ ನಿಟ್ಟುಸಿರು ಬಿಡಲು ಬರುತ್ತಿರಲಿಲ್ಲ. ಹಾಗಾಗಿ ಉಸ್ತಾದ್ ಎನ್ನುವ ಹೆಸರು ನನ್ನ ಪಾಲಿಗೆ ಬಂತು.

ಆ ವರ್ಷ ಅವನು ಒಂದು ಧೈರ್ಯ ಮಾಡಿದ. ನಮ್ಮಲ್ಲಿ ಮಾರುತ್ತಿದ್ದುದೆಲ್ಲ ದುಬಾರಿ ಕೋವಿಗಳು. ಹಿಡಿಯ ಮರ ಕನ್ನಡಿಯ ಹಾಗೆ ಹೊಳೆಯಬೇಕು, ಕಬ್ಬಿಣದ ಮೇಲೆ ಹಾರುವ ಬಾತುಕೋಳಿಯ ಕೆತ್ತನೆ ಇರಬೇಕು. ಅವನು ಅರ್ಬಾಬ್ ಹತ್ತಿರ, ಎಂದರೆ ಅಂಗಡಿಯ ಒಡೆಯನಾದ ಕತಾರಿಯ ಹತ್ತಿರ ಹೋಗಿ, ಕೆತ್ತನೆ ಇಲ್ಲದ, ಯಾರೂ ಹೆಸರು ಕೇಳದ ಒಂದು ಕಂಪೆನಿಯ ಕೋವಿ ತರಿಸೋಣ, ದುಬಾರಿಯದರ ಮೂರನೇ ಒಂದು ಬೆಲೆಗೆ ಅದೇ ಕೆಲಸ ಮಾಡುತ್ತದೆ ಎಂದ. ಒಂದು ಗುಂಡು ಹಾರಿದ ಮೇಲೆ ಖಾಲಿ ತೋಟೆಯನ್ನು ತಾನೇ ಹೊರಗೆ ಎಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುವ ಬಗೆಯದು.

ಅರ್ಬಾಬ್ ಗಡ್ಡ ತುರಿಸಿಕೊಂಡ. "ಅಗ್ಗದ ಮಾಲು. ಕೈಕೊಟ್ಟರೆ?"

"ಕೈಕೊಡುವುದಿಲ್ಲ ಅರ್ಬಾಬ್. ನನ್ನ ಜವಾಬ್ದಾರಿ."

"ಜೈನ್, ಒಳ್ಳೆಯದು. ಈ ಚಳಿಗಾಲ ಒಂದು ದೂರೂ ಬರದಿದ್ದರೆ ನಿನ್ನ ಹೆಂಡತಿಯ ವೀಸಾ ಕಾಗದಕ್ಕೆ ಸಹಿ ಹಾಕುತ್ತೇನೆ. ದೂರು ಬಂದರೆ ಖಲಾಸ್."

ಆ ಸಹಿ ಅವನಿಗೆ ಎಷ್ಟು ಬೇಕಾಗಿತ್ತು ಎನ್ನುವುದು ನನಗೊಬ್ಬನಿಗೇ ಗೊತ್ತಿದ್ದದ್ದು. ಊರಿನಲ್ಲಿ ಹೆಂಡತಿ ಬಸುರಿ. ಏಳು ತಿಂಗಳು ತುಂಬುವ ಮೊದಲೇ ವಿಮಾನ ಹತ್ತಬೇಕು, ಆಮೇಲೆ ಹತ್ತಿಸುವುದಿಲ್ಲ. ಮಗು ತನ್ನ ಕೈಯಲ್ಲೇ ಹುಟ್ಟಬೇಕು ಎಂದು ಅವನ ಹಟ. ಅಲ್ ರಯ್ಯಾನ್‌ನಲ್ಲಿ ಯಾರದೋ ವಿಲ್ಲಾದ ಹಿಂದುಗಡೆ ಒಂದು ಕೋಣೆ, ಒಂದು ಅಡುಗೆಮನೆ ನೋಡಿಟ್ಟಿದ್ದ. "ಅಣ್ಣಾ, ಕಿಟಕಿಗೆ ಎಂತ ಬಣ್ಣದ ಪರದೆ ಹಾಕುವ?" ಎಂದು ದಿನಕ್ಕೆರಡು ಸಲ ನನ್ನನ್ನು ಕೇಳುತ್ತಿದ್ದ. ನನ್ನ ಕೋಣೆಗೆ ಕಿಟಕಿಯೇ ಇರಲಿಲ್ಲ.

ಅಕ್ಟೋಬರಿನಲ್ಲಿ ಇಪ್ಪತ್ತು ಕೋವಿ ಬಂದಿಳಿದವು. ಕೋವಿಗಳನ್ನು ಒರಸಿ ಎಣ್ಣೆ ಹಾಕಿ ಇಡುವುದು ನನ್ನ ಪಾಲಿನ ಕೆಲಸ. ದುಬಾರಿ ಕೋವಿಯ ಪೆಟ್ಟಿಗೆಯಲ್ಲಿ ಅದಕ್ಕೆಂದೇ ಒಂದು ಪುಟ್ಟ ಎಣ್ಣೆಯ ಶೀಶೆ ಇರುತ್ತಿತ್ತು. ಅಗ್ಗದ ಪೆಟ್ಟಿಗೆಯಲ್ಲಿ ಅದಿಲ್ಲ. ಬೇರೆ ತರಿಸಬೇಕೆಂದರೆ ಮ್ಯಾನೇಜರ್ ಹತ್ತಿರ ಹೋಗಬೇಕು, ಚೀಟಿ ಬರೆಯಬೇಕು. ಆ ಚೀಟಿ ಇಂಗ್ಲಿಷಿನಲ್ಲಿರಬೇಕು. ನನ್ನ ಇಂಗ್ಲಿಷಿನ ಬಗ್ಗೆ ಮ್ಯಾನೇಜರ್ ನಗುತ್ತಿದ್ದರು. ನಾನೇಕೆ ಹೋಗಲಿ? ಮಾವನ ಕೋವಿಗೆ ಹಚ್ಚಿದ್ದು ತೆಂಗಿನೆಣ್ಣೆ. ಅದಕ್ಕೆ ಒಂದು ಚುಕ್ಕೆ ತುಕ್ಕು ಹಿಡಿದಿರಲಿಲ್ಲ. ನಾನು ಕೋಣೆಯಿಂದ ತಲೆಗೆ ಹಾಕುವ ಡಬ್ಬಿಯನ್ನೇ ತಂದು, ಇಪ್ಪತ್ತಕ್ಕೂ ಒಳಗೆ ಹೊರಗೆ ಧಾರಾಳವಾಗಿ ಹಚ್ಚಿದೆ. ಯಾರೂ ನೋಡಲಿಲ್ಲ. ನೋಡಿದ್ದರೂ ಇದು ನಮ್ಮ ಮನೆತನದ ಗುಟ್ಟು ಎನ್ನುತ್ತಿದ್ದೆ.

ಒಬ್ಬ ಗಿರಾಕಿ ಮಾತ್ರ ಮೂಗು ಅರಳಿಸಿದ. "ಈ ಕೋವಿಗೆ ಮಲಬಾರಿಯ ತಲೆಯ ವಾಸನೆ ಯಾಕೆ?"

ಮ್ಯಾನೇಜರ್ ತಟ್ಟನೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ನಾನು ಅವರ ತಲೆಯ ಕಡೆಗೇ ಒಮ್ಮೆ ನೋಡಿ ನೆಲ ನೋಡಿದೆ. ಗಿರಾಕಿ ನಕ್ಕು ಕೋವಿ ಕೊಂಡ. ನವೆಂಬರ್ ಮುಗಿಯುವುದರೊಳಗೆ ಪೊಲೀಸ್ ಪರವಾನಗಿ ಹಿಡಿದುಕೊಂಡು ಬಂದವರಿಗೆ ಹನ್ನೊಂದು ಕೋವಿ ಹೋದವು. ಜೊತೆಗಾರ ಪರದೆಗೆ ನೀಲಿ ಬಣ್ಣ ಗೊತ್ತು ಮಾಡಿದ.

ಡಿಸೆಂಬರಿನ ಕೊನೆಗೆ ಮರುಭೂಮಿಯಲ್ಲಿ ನಿಜವಾದ ಚಳಿ ಬಿತ್ತು. ಒಂದು ವಾರದಲ್ಲಿ ನಾಲ್ಕು ಕೋವಿ ವಾಪಸು ಬಂದವು. ಎಲ್ಲರದೂ ಒಂದೇ ಮಾತು: ಬೆಳಗಿನ ಜಾವ ಟ್ರಿಗರ್ ಎಳೆದರೆ "ಟಕ್" ಎನ್ನುತ್ತದೆ, ಗುಂಡು ಹಾರುವುದಿಲ್ಲ. ಹಾರಿದರೂ ಖಾಲಿ ತೋಟೆ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಳ್ಳುತ್ತದೆ. ಮರುಭೂಮಿಯ ಅಲೆಮಾರಿ ಕುಲದ ಒಬ್ಬ ಹಿರಿಯ ಬದೂ ಕೋವಿಯನ್ನು ಗಾಜಿನ ಮೇಜಿನ ಮೇಲೆ ಇಟ್ಟು, "ಹಕ್ಕಿ ನನ್ನನ್ನು ನೋಡಿ ನಕ್ಕಿತು" ಎಂದ.

ಜೊತೆಗಾರ ಒಂದನ್ನು ಎತ್ತಿಕೊಂಡು ಬಿಸಿಲಿಗೆ ಹೋಗಿ ಪರೀಕ್ಷಿಸಿದ. ಮಧ್ಯಾಹ್ನದ ಬಿಸಿಲಲ್ಲಿ ಅದು ಗಡಿಯಾರದ ಹಾಗೆ ಆಡಿತು. ಅವನಿಗೆ ತಲೆಬುಡ ತಿಳಿಯಲಿಲ್ಲ. "ಬಿಚ್ಚಿ ನೋಡ್ಲಿಕ್ಕೆ ಎರಡು ದಿನ ಕೊಡಿ ಅರ್ಬಾಬ್" ಎಂದು ಬೇಡಿದ. ಅರ್ಬಾಬ್ ನನ್ನ ಕಡೆಗೆ ತಿರುಗಿದ. "ಉಸ್ತಾದ್, ನೀನು ಹೇಳು."

ಆಗ ನಾನು ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ನಾನು ಕೋವಿ ಎತ್ತಿದೆ. ಕಣ್ಣು ಮುಚ್ಚಿದೆ. ಟ್ಯೂಬ್‌ಲೈಟು ನೋಡಿದೆ. ನಿಟ್ಟುಸಿರು ಬಿಟ್ಟೆ.

"ಕಬ್ಬಿಣ ಸಸ್ತಾ, ಅರ್ಬಾಬ್. ಚಳಿಗೆ ಕುಗ್ಗುತ್ತದೆ. ಒಳ್ಳೆಯ ಕಬ್ಬಿಣ ಹೀಗೆ ಮಾಡುವುದಿಲ್ಲ."

ಆ ವಾಕ್ಯ ನನ್ನ ಬಾಯಿಗೆ ಎಲ್ಲಿಂದ ಬಂತೋ ಈವತ್ತಿಗೂ ತಿಳಿಯದು. ಕೇಳಲು ಮಾತ್ರ ಬಹಳ ಚೆನ್ನಾಗಿತ್ತು. ಅಲ್ಲಿದ್ದ ಗಿರಾಕಿಗಳು ತಲೆದೂಗಿದರು. ಇಬ್ಬರು ಅಲ್ಲೇ ಅಗ್ಗದ್ದನ್ನು ಬಿಟ್ಟು ಬಾತುಕೋಳಿಯ ಕೆತ್ತನೆಯದನ್ನು ಕೊಂಡರು. "ಖಲಾಸ್" ಎಂದ ಅರ್ಬಾಬ್. ಮಾರನೆಯ ದಿನವೇ ಜೊತೆಗಾರನನ್ನು ಇಂಡಸ್ಟ್ರಿಯಲ್ ಏರಿಯಾದ ಗೋಡೌನಿಗೆ ಹಾಕಿದರು. ಡೇರೆಯ ಗೂಟ ಎಣಿಸುವ ಕೆಲಸ. ವೀಸಾದ ಕಾಗದ ಸಹಿಯಿಲ್ಲದೆ ಮ್ಯಾನೇಜರರ ಡ್ರಾಯರಿನಲ್ಲಿ ಉಳಿಯಿತು.

ಮುಂದಿನ ವಾರ ಒಂದು ಬೆಳಿಗ್ಗೆ ನಾನು ಸ್ನಾನದ ಮನೆಯಲ್ಲಿದ್ದೆ. ಆ ದೇಶದಲ್ಲಿ ಚಳಿಗಾಲ ಕಳೆದ ನಮ್ಮವರೆಲ್ಲ ಮಾಡುವುದನ್ನೇ ಮಾಡುತ್ತಿದ್ದೆ: ಮೇಣದ ಹಾಗೆ ಬಿಳಿಯಾಗಿ ಗಟ್ಟಿಯಾದ ತೆಂಗಿನೆಣ್ಣೆಯ ಡಬ್ಬಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು, ಕರಗಲಿ ಎಂದು ಕಾಯುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಕೋಣೆಯವನೊಬ್ಬ ಬಾಗಿಲು ಬಡಿದ. "ಅಣ್ಣಾ, ನಿಮ್ಮ ಎಣ್ಣೆ ಕರಗುವಷ್ಟರಲ್ಲಿ ನಮ್ಮ ಕಂಪೆನಿ ಬಸ್ಸು ಹೋಗ್ತದೆ ಮಾರಾಯ್ರೆ! ಎಂತ, ಹಲ್ವ ಮಾಡ್ತಿದ್ದೀರಾ?"

ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಆರು ಚಳಿಗಾಲ ಅದು ಗಟ್ಟಿಯಾದದ್ದನ್ನು ನೋಡಿದ್ದೆ. ಊರಿನ ಸೆಕೆಯಲ್ಲಿ ಎಂದೂ ಹೆಪ್ಪುಗಟ್ಟದ ಎಣ್ಣೆ ಇಲ್ಲಿ ಹೆಪ್ಪುಗಟ್ಟುತ್ತದೆ ಎಂದು ತಲೆಗೆ ಗೊತ್ತಿತ್ತು, ಕೂದಲಿಗೆ ಗೊತ್ತಿತ್ತು. ಕೋವಿಯ ಹೊಟ್ಟೆಯೊಳಗೂ ಅದೇ ಎಣ್ಣೆ ಇದೆ ಎನ್ನುವುದು ಮಾತ್ರ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ತೋಟೆಯ ಬೆನ್ನಿಗೆ ಕುಟ್ಟುವ ಮೊಳೆ, ಖಾಲಿ ತೋಟೆಯನ್ನು ಎಸೆಯುವ ಸ್ಪ್ರಿಂಗು, ಎಲ್ಲವನ್ನೂ ನಾನು ಮೇಣದಲ್ಲಿ ಹೂತಿದ್ದೆ. ಬಿಸಿಲಿಗೆ ಕರಗುತ್ತಿತ್ತು, ಚಳಿಗೆ ಕಟ್ಟುತ್ತಿತ್ತು. ದುಬಾರಿ ಕೋವಿ ಕೈಕೊಡದೆ ಇದ್ದದ್ದು ಒಳ್ಳೆಯ ಕಬ್ಬಿಣದಿಂದಲ್ಲ, ಅದರ ಪೆಟ್ಟಿಗೆಯಲ್ಲಿ ಶೀಶೆ ಇದ್ದದ್ದರಿಂದ.

ಅಂದೇ ಹೋಗಿ ಹೇಳಬಹುದಿತ್ತು. ನಾನು ಶರ್ಟಿಗೆ ಇಸ್ತ್ರಿ ಹಾಕಿ ಅಂಗಡಿಗೆ ಹೋದೆ. ಒಳಗೆ ಕಾಲಿಡುತ್ತಲೇ ಒಬ್ಬ ಗಿರಾಕಿ, "ಉಸ್ತಾದ್, ಅಗ್ಗದ್ದು ತೆಗೆದುಕೊಳ್ಳಬಹುದಾ?" ಎಂದು ಕೇಳಿದ. "ಚಳಿಗೆ ಕುಗ್ಗುತ್ತದೆ" ಎಂದೆ. ಮೊದಲ ದಿನ ಹೇಳಿದ್ದು ಅಜ್ಞಾನ. ಅಂದು ಹೇಳಿದ್ದು ಪಾಪ. ಆಮೇಲೆ ಮೂರು ವಾರ ಅದನ್ನೇ ಹೇಳಿದೆ. ಕೈಯಿಂದ ಕುಗ್ಗುವ ಪ್ರಮಾಣವನ್ನೂ ತೋರಿಸುತ್ತಿದ್ದೆ.

ಒಂದು ಶುಕ್ರವಾರ ಜೊತೆಗಾರನನ್ನು ನೋಡಲು ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿಗೆ ಹೋದೆ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡಿದ್ದೆ, ಆಸ್ಪತ್ರೆಗೆ ಹೋಗುವವನ ಹಾಗೆ. ಅವನು ಮಂಚದ ಮೇಲೆ ಕೂತು ಸಾಕ್ಸ್ ಹೊಲಿಯುತ್ತಿದ್ದ.

"ಏಳು ತುಂಬಿತು ಅಣ್ಣಾ" ಎಂದ. "ಇನ್ನು ಬರ್ಲಿಕ್ಕಿಲ್ಲ. ಡಾಕ್ಟ್ರು ಬೇಡ ಅಂದ್ರಂತೆ. ಅವಳು ಫೋನಲ್ಲಿ ಮಾತಾಡುದೇ ಇಲ್ಲ, ಬರೀ ಮೂಗೊರಸುವ ಶಬ್ದ. ಫೋನ್ ಕಾರ್ಡ್ ಪೂರ್ತಿ ಅದಕ್ಕೇ ಖಾಲಿ."

ನಾನು ಬಾಳೆಹಣ್ಣು ಮುಂದಿಟ್ಟೆ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ" ಎಂದ. "ನೀವು ಕೋವಿ ನೋಡಿದ ಮನೆತನದವರು. ಆ ಮಾಲು ನಿಜವಾಗ್ಲೂ ಹಾಳಾ? ನಾನು ಓದಿದ್ದು, ಬಿಚ್ಚಿ ನೋಡಿದ್ದು ಎಲ್ಲ ತಪ್ಪಾ? ನೀವು ಹಾಳು ಅಂದ್ರೆ ನಾನು ಒಪ್ತೇನೆ. ಅದಲ್ದಿದ್ರೆ ತಲೆಯಲ್ಲಿ ತಿರುಗ್ತಾನೇ ಇರ್ತದೆ."

"ಸ್ವಲ್ಪ... ಕಬ್ಬಿಣ..." ಎಂದೆ ನಾನು.

"ಹಾಗಾ" ಎಂದ. ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದ. ಒಂದು ಬಾಳೆಹಣ್ಣು ಸುಲಿದು ನನಗೇ ಕೊಟ್ಟ.

ಅದನ್ನು ತಿಂದು ಬಂದೆ. ಅದರ ನಂತರ ನನ್ನಿಂದ ತಡೆಯಲಾಗಲಿಲ್ಲ. ಆದರೆ ಹೇಡಿಯ ಪಶ್ಚಾತ್ತಾಪವೂ ಕಳ್ಳದಾರಿಯಲ್ಲೇ ನಡೆಯುತ್ತದೆ. ನಮ್ಮ ಕೋಣೆಯಲ್ಲಿದ್ದ ಪೇಂಟರನಿಂದ ಒಂದು ಬಾಟಲಿ ಥಿನ್ನರ್ ತೆಗೆದುಕೊಂಡೆ. ಅಂಗಡಿಯ ಒಳಕೋಣೆಯಲ್ಲಿ, ದಿನಕ್ಕೆ ಎರಡರಂತೆ, ಉಳಿದ ಕೋವಿಗಳ ಕಬ್ಬಿಣದ ಭಾಗಗಳನ್ನೆಲ್ಲ ತೊಳೆದೆ. ಬಿಚ್ಚಿದ್ದನ್ನು ಜೋಡಿಸಲು ನನಗೆ ಬಾರದೆ, ಜೊತೆಗಾರ ಬಿಟ್ಟುಹೋಗಿದ್ದ ಇಂಗ್ಲಿಷ್ ಪುಸ್ತಕದ ಚಿತ್ರಗಳನ್ನು ನೋಡಿದೆ. ಮೊದಲನೆಯ ದಿನ ಒಂದು ಸ್ಪ್ರಿಂಗು ಹಾರಿ ಬೀರುವಿನ ಕೆಳಗೆ ಹೋಗಿ, ಅದನ್ನು ಹುಡುಕಲು ಹೊಟ್ಟೆಯ ಮೇಲೆ ಮಲಗಿದ್ದಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. "ಎಂತದು?" ಎಂದರು. "ಬೆನ್ನುನೋವು, ವ್ಯಾಯಾಮ" ಎಂದೆ. ಥಿನ್ನರಿನ ವಾಸನೆಗೆ ಕಾರಣ ಕೇಳಿದರು. "ಅದಕ್ಕೇ ಹಚ್ಚುವ ಎಣ್ಣೆ" ಎಂದೆ. ಕೊನೆಗೆ ದುಬಾರಿ ಪೆಟ್ಟಿಗೆಗಳಿಂದ ಶೀಶೆಗಳನ್ನು ಕದ್ದು ಅವುಗಳ ಎಣ್ಣೆಯನ್ನು ಅಗ್ಗದವಕ್ಕೆ ಹಾಕಿದೆ.

ಆಮೇಲೆ ಅರ್ಬಾಬ್ ಹತ್ತಿರ ಹೋಗಿ, ಆ ಕೋವಿಯನ್ನು ಬೆಳಗಿನ ಚಳಿಯಲ್ಲಿ ಒಮ್ಮೆ ಹಾರಿಸಿ ನೋಡಿ ಎಂದು ಕೈಮುಗಿದೆ. ಅವನ ತೋಟ ಪಟ್ಟಣದಿಂದ ಪಶ್ಚಿಮಕ್ಕೆ ಇತ್ತು. ಬೆಳಗಿನ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಅರ್ಬಾಬ್ ಐದು ತೋಟೆ ತುಂಬಿದ. ಅವನ ಡ್ರೈವರ್ ಗುರಿಗೆಂದು ಮಣ್ಣಿನ ತಟ್ಟೆಗಳನ್ನು ಮೇಲಕ್ಕೆ ಎಸೆದ. ಢಂ, ಢಂ, ಢಂ, ಢಂ, ಢಂ. ಐದು ಖಾಲಿ ತೋಟೆ ಮರಳಿನ ಮೇಲೆ ಬಿದ್ದವು. ಮತ್ತೆ ಐದು. ಮತ್ತೆ ಐದು. ತಟ್ಟೆ ತಪ್ಪಿದ್ದು ಅರ್ಬಾಬ್‌ನ ಗುರಿಯಿಂದ, ಕೋವಿ ಒಂದು ಸಲವೂ ತಪ್ಪಲಿಲ್ಲ.

"ಯಾ ಉಸ್ತಾದ್! ಏನು ಮಾಡಿದೆ?"

"ಹಡಗಿನಲ್ಲಿ ತುಕ್ಕು ಹಿಡಿಯಬಾರದೆಂದು ಕಂಪೆನಿಯವರು ದಪ್ಪ ಗ್ರೀಸು ಹಚ್ಚಿ ಕಳಿಸಿದ್ದರು, ಅರ್ಬಾಬ್. ತೊಳೆದೆ, ಅಷ್ಟೇ. ಕೋವಿ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಆ ಹುಡುಗ ಹೇಳಿದ್ದೇ ಸರಿ."

ಕೊನೆಯ ಎರಡು ವಾಕ್ಯ ಸತ್ಯ. ಆದರೆ ಹೊಗಳಿಕೆ ಬಂದದ್ದು ಮೊದಲಿನ ಸುಳ್ಳಿಗೆ. ಅರ್ಬಾಬ್ ನನ್ನ ಬೆನ್ನು ತಟ್ಟಿ, ತನ್ನ ಕಾರಿನಲ್ಲಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಅಂಗಡಿಗೆ ಬಂದ. ಅಂದೇ ಜೊತೆಗಾರನನ್ನು ಗೋಡೌನಿನಿಂದ ಕರೆಸಿದ, ಎಲ್ಲರೆದುರು "ನನ್ನದು ತಪ್ಪು" ಎಂದ, ಕಾಗದಕ್ಕೆ ಸಹಿ ಹಾಕಿದ. ತಪ್ಪಿಲ್ಲದವನು ತಪ್ಪೊಪ್ಪಿಕೊಂಡದ್ದನ್ನು ತಪ್ಪು ಮಾಡಿದ ನಾನು ಕೈಕಟ್ಟಿ ನಿಂತು ನೋಡಿದೆ.

ಅಷ್ಟು ಹೊತ್ತಿಗೆ ತಡವಾಗಿತ್ತು. ಮಗು ಮಾರ್ಚಿನಲ್ಲಿ ಊರಿನಲ್ಲೇ ಹುಟ್ಟಿತು. ಹೆಣ್ಣುಮಗು. ಜೊತೆಗಾರ ಅದರ ಅಳುವನ್ನು ಫೋನಿನಲ್ಲಿ ಕೇಳಿದ. ಅದರ ಪಾಸ್‌ಪೋರ್ಟು, ವೀಸಾ ಎಂದು ಆಗಸ್ಟು ಬಂತು. ವಿಮಾನ ನಿಲ್ದಾಣಕ್ಕೆ ಅವನನ್ನು ಅಂಗಡಿಯ ಪಿಕಪ್ಪಿನಲ್ಲಿ ಕರೆದುಕೊಂಡು ಹೋದದ್ದು ನಾನೇ. ತಾಯಿ ಮಗುವನ್ನು ಅವನ ಕೈಗೆ ಕೊಟ್ಟಳು. ಮಗು ಅವನ ಮುಖವನ್ನು ಒಂದು ಕ್ಷಣ ನೋಡಿ, ತುಟಿ ಸೊಟ್ಟ ಮಾಡಿ, ಕಟ್ಟಡ ಹಾರಿಹೋಗುವ ಹಾಗೆ ಕಿರುಚಿತು.

"ನೋಡಿ ಅಣ್ಣಾ, ಇವಳಿಗೆ ನಾನು ಯಾರೋ ಕಳ್ಳ" ಎಂದು ಅವನು ನಕ್ಕ. ನಗುತ್ತಲೇ ಗೋಡೆಯ ಕಡೆ ತಿರುಗಿದ. ಕಳ್ಳ ಟ್ರಾಲಿ ಹಿಡಿದುಕೊಂಡು ಅವನ ಹಿಂದೆಯೇ ನಿಂತಿದ್ದ.

ಮುಂದಿನ ಶುಕ್ರವಾರ ಅವರ ಮನೆಯಲ್ಲಿ ಊಟವಾದ ಮೇಲೆ ಹೊರಗೆ ನಿಂತು ನಾನು ಅವನಿಗೆ ಎಲ್ಲವನ್ನೂ ಹೇಳಿದೆ.

"ತೆಂಗಿನೆಣ್ಣೆ?" ಎಂದ.

"ಹೌದು."

"ತಲೆಗೆ ಹಾಕುವ?"

"ಅದೇ ಡಬ್ಬಿ."

ಅವನು ನಕ್ಕ. ಬಗ್ಗಿ, ಮೊಣಕಾಲು ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಂತಿತು. "ಆವತ್ತು ಕ್ಯಾಂಪಿಗೆ ಬಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೂರು ವಾರ ಅಂಗಡಿಯಲ್ಲಿ ಗಿರಾಕಿಗಳ ಮೂಲಕವೇ ನನ್ನೊಡನೆ ಮಾತಾಡಿದ. "ಆ ದುರ್ಬೀನು ಉಸ್ತಾದರ ಹತ್ತಿರ ಕೇಳಿ. ಉಸ್ತಾದರಿಗೆ ಎಲ್ಲ ಗೊತ್ತುಂಟು." ನಾಲ್ಕನೆಯ ವಾರ ನನ್ನ ಮೇಜಿನ ಮುಂದೆ ಬಂದು ನಿಂತ.

"ಐದು ತಿಂಗಳು ನನ್ನ ಮಗಳನ್ನು ನಾನು ಎತ್ತಿಕೊಳ್ಳಲಿಲ್ಲ. ಇನ್ನು ಶುಕ್ರವಾರ ಸಂಜೆ ನೀವು ಎತ್ತಿಕೊಳ್ತೀರಿ. ನಾನೂ ಹೆಂಡತಿಯೂ ಕಾರ್ನಿಶಿನಲ್ಲಿ ಸಮುದ್ರ ನೋಡಿ ಬರ್ತೇವೆ. ಮಗು ಕಕ್ಕ ಮಾಡಿದ್ರೂ ನೀವೇ ತೊಳೀಬೇಕು."

"ಆಯ್ತು ಮಾರಾಯ."

"ಮತ್ತೆ ಹೆಂಡತಿಗೆ ಹೇಳ್ಬೇಡಿ. ಗೊತ್ತಾದ್ರೆ ನಿಮ್ಮನ್ನು ಹೊಸಿಲು ದಾಟಿಸ್ಲಿಕ್ಕಿಲ್ಲ. ಆಮೇಲೆ ಕಾರ್ನಿಶಿಗೆ ಹೋಗುದು ಹೇಗೆ?"

ಎರಡು ವರ್ಷ ಆ ಶಿಕ್ಷೆ ಅನುಭವಿಸಿದೆ. ಮಕ್ಕಳಿಲ್ಲದ ನಾನು ಡಯಪರ್ ಕಟ್ಟಲು ಕಲಿತೆ. ಅದಕ್ಕೆ ಯಾವ ಪುಸ್ತಕದಲ್ಲೂ ಚಿತ್ರವಿರಲಿಲ್ಲ. ಮೊದಲ ಸಲ ಹಿಂದುಮುಂದಾಗಿ ಕಟ್ಟಿ ನನ್ನ ಇಸ್ತ್ರಿಯ ಶರ್ಟು ಹಾಳಾಯಿತು.

ಅಂಗಡಿಯಲ್ಲಿ ಅದರ ನಂತರ ಅಗ್ಗದ ಕೋವಿ ಕೊಳ್ಳಬಹುದೇ ಎಂದು ಕೇಳಿದವರಿಗೆಲ್ಲ ನಿಟ್ಟುಸಿರಿಲ್ಲದೆ ಉತ್ತರ ಕೊಟ್ಟೆ: ಕೊಳ್ಳಬಹುದು. ಮರ ಹೊಳೆಯುವುದಿಲ್ಲ, ತೂಕ ಒಂದಿಷ್ಟು ಜಾಸ್ತಿ, ಒದೆ ಒಂದಿಷ್ಟು ಗಟ್ಟಿ. ಮೊದಲು ಬಿಚ್ಚಿ ತೊಳೆಯಿರಿ, ಸರಿಯಾದ ಎಣ್ಣೆ ಹಾಕಿ, ನೂರು ತೋಟೆ ಹಾರಿಸಿ ನೋಡಿ, ಆಮೇಲೆ ನಂಬಿ. ಎಲ್ಲ ಅಗ್ಗದವೂ ಒಳ್ಳೆಯವಲ್ಲ. ಕೆಟ್ಟವು ನನ್ನ ಕೈಗೂ ಬಂದಿವೆ. ಆದರೆ ಕೈಕೊಟ್ಟಾಗ ಕೋವಿಯನ್ನು ಬೈಯುವ ಮೊದಲು ಅದನ್ನು ನೋಡಿಕೊಂಡವನನ್ನು ಒಮ್ಮೆ ವಿಚಾರಿಸಿ.

ಈಗ ಈ ಬರಹದ ಕಾರಣ ಹೇಳುತ್ತೇನೆ. ಆ ಎರಡು ವರ್ಷ, ಆಮೇಲೆ ನಾನೂ ಅವರೂ ಊರಿಗೆ ಮರಳಿದ ಮೇಲೂ, ಜೊತೆಗಾರನ ಹೆಂಡತಿ ನನಗೆ ಅನ್ನ ಬಡಿಸುವಾಗಲೆಲ್ಲ ಒಂದೇ ಮಾತು. "ಆ ಅರ್ಬಾಬ್ ಕಲ್ಲುಹೃದಯದವನು ಅಣ್ಣಾ. ಒಂದು ಸಹಿಗೆ ನನ್ನನ್ನು ಅಷ್ಟು ತಿಂಗಳು ಅಳಿಸಿದ. ಅವನ ಗಂಟಲಲ್ಲಿ ಖರ್ಜೂರದ ಬೀಜ ಸಿಕ್ಕಿಕೊಳ್ಳಲಿ. ನೀವೊಬ್ಬರು ನಮ್ಮ ಪರ ಮಾತಾಡಿದ್ದು." ಹೇಳುತ್ತ ಇನ್ನೊಂದು ಕೋಳಿತುಂಡು ಹಾಕುತ್ತಾಳೆ. ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ಗಂಡ ಎದುರು ಕೂತು ಕೆಮ್ಮುತ್ತಾನೆ.

ಆ ಮನೆಯಲ್ಲಿ ಕನ್ನಡ ಓದುವವಳು ಅವಳೊಬ್ಬಳೇ. ಶಾಲೆಯಲ್ಲಿ ಕನ್ನಡ ಮಾಧ್ಯಮ, ಅಚ್ಚಾದದ್ದು ಏನು ಸಿಕ್ಕಿದರೂ ಬಿಡುವವಳಲ್ಲ. ಆದ್ದರಿಂದ ಇದು ಅವಳ ಕೈಗೆ ಹೋಗಿಯೇ ಹೋಗುತ್ತದೆ.

ತಂಗೀ, ಆ ಮನುಷ್ಯನನ್ನು ಇನ್ನು ಬೈಯಬೇಡ. ಅವನು ಕೋವಿ ಸರಿಯಿದೆ ಎಂದು ತಿಳಿದ ದಿನವೇ ಸಹಿ ಹಾಕಿದ. ಹೇಳಬೇಕಾದವನು ಹೇಳದೆ ಇದ್ದ. ಇಷ್ಟು ವರ್ಷ ನೀನು ಹಾಕಿದ ಶಾಪಗಳೆಲ್ಲ ವಿಳಾಸ ತಪ್ಪಿ ಅವನ ಮನೆಗೆ ಹೋಗಿವೆ. ಅವನ್ನು ವಾಪಸು ಕರೆಸಿ ಇತ್ತ ಕಳಿಸು. ಬರುವ ಶುಕ್ರವಾರ ಊಟಕ್ಕೆ ಬರಬೇಕೋ ಬೇಡವೋ ಎನ್ನುವುದನ್ನು ಮಗಳ ಹತ್ತಿರ ಹೇಳಿ ಕಳಿಸು. ಬೇಡ ಎಂದರೆ ಬರುವುದಿಲ್ಲ. ಗೇಟಿನ ಹೊರಗೆ ಒಂದು ಹತ್ತು ನಿಮಿಷ ನಿಂತು ಹೋಗುತ್ತೇನೆ, ಅಷ್ಟೇ.